ದನಿಗೊಂದು ಚಾರ್ಜರ್

ಮೊದಲು ಕೆಟ್ಟದ್ದು ದನಿ. ನೋವೇನೂ ಇರಲಿಲ್ಲ.

ಶಹಾಪುರದ ಪಿಯು ಕಾಲೇಜಿನಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಒಂದು ದಿನ ಪಾಠದ ನಡುವೆ ಗಂಟಲು ಗೊಗ್ಗರಾಯಿತು. ಕೆಮ್ಮಿ ಸರಿಮಾಡಿಕೊಂಡೆ, ಮತ್ತೆ ಗೊಗ್ಗರಾಯಿತು. ಚಾಕ್‌ಪೀಸಿನ ಧೂಳು ಅಂದುಕೊಂಡೆ. ಅವ್ವ ಅರಿಶಿನ ಹಾಲು ಕೊಟ್ಟಳು, ಆಮೇಲೆ ಶುಂಠಿ ಕಷಾಯ, ಆಮೇಲೆ ಇನ್ನೇನೋ. ಇದು ದಸರಾ ರಜೆಗೆ ಮೊದಲೋ ರಜೆ ಮುಗಿದ ಮೇಲೋ, ಈಗ ಖಚಿತವಾಗಿ ಹೇಳಲಾರೆ. ತಾರೀಖು ತಪ್ಪಿದರೆ ಮಕ್ಕಳ ಅಂಕ ಕಳೆಯುವವಳು ನಾನು. ನನ್ನ ರೋಗ ಶುರುವಾದ ತಾರೀಖು ನನಗೇ ಗೊತ್ತಿಲ್ಲ.

ಯಾದಗಿರಿಯ ಇಎನ್‌ಟಿ ಡಾಕ್ಟರ್ ಗಂಟಲೊಳಗೆ ನೋಡಿದರು. ಕಲಬುರಗಿಗೆ ಚೀಟಿ ಬರೆದರು. ಅಲ್ಲಿ ಸ್ಕ್ಯಾನ್, ಬಯಾಪ್ಸಿ. ರಿಪೋರ್ಟ್ ಬಂದ ದಿನ ತಮ್ಮ ಮಲ್ಲು ಜೊತೆಗಿದ್ದ.

"ಸ್ಮೋಕ್ ಮಾಡ್ತೀರೇನ್ರಿ?" ಡಾಕ್ಟರ್ ಕೇಳಿದರು.

ಇಲ್ಲ ಎಂದೆ. ಪಕ್ಕದಲ್ಲಿ ಮಲ್ಲು ಅಂಗಿಯ ಜೇಬಿನ ಮೇಲೆ ಕೈ ಇಟ್ಟುಕೊಂಡ. ಅದರಲ್ಲಿ ಸಿಗರೇಟಿನ ಪ್ಯಾಕು ಇರುತ್ತದೆಂದು ನನಗೆ ಗೊತ್ತು, ಡಾಕ್ಟರಿಗೂ ಗೊತ್ತಾಗಿರಬೇಕು.

ಲ್ಯಾರಿಂಕ್ಸ್‌ನ ಕ್ಯಾನ್ಸರ್.

ಯಾಕೆ ಬಂತು ಎಂದು ಕೇಳಿದೆ. ಸೇದದವರಿಗೂ ಒಮ್ಮೊಮ್ಮೆ ಬರುತ್ತದೆ ಎಂದರು. ಅದಕ್ಕಿಂತ ಹೆಚ್ಚು ಅವರಿಗೂ ಗೊತ್ತಿರಲಿಲ್ಲ, ಗೊತ್ತಿದೆ ಎಂದು ನಟಿಸಲೂ ಇಲ್ಲ. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಉಸಿರಾಡಲು ಕುತ್ತಿಗೆಯ ಬುಡದಲ್ಲಿ ರಂಧ್ರ ಮಾಡುತ್ತೇವೆ, ಮೂಗಿಗೂ ಶ್ವಾಸಕ್ಕೂ ಸಂಬಂಧ ಇರುವುದಿಲ್ಲ ಎಂದು ಬಿಡಿಸಿ ಹೇಳಿದರು. ಕೊನೆಗೆ ಒಂದು ಮಾತು ಅಂದರು: "ದನಿ ಹೋಗ್ತದ್ರಿ ಮೇಡಂ. ಜೀವ ಉಳಸಬಹುದು."

ಆಪರೇಷನ್ ಥಿಯೇಟರಿಗೆ ಹೋಗುವ ಮುಂಚೆ ನನ್ನ ಸ್ವಂತ ದನಿಯಲ್ಲಿ ನಾನು ಕೊನೆಯದಾಗಿ ಆಡಿದ ಮಾತು ಯಾವುದು? "ಹೋಗಿ ಉಂಡು ಬರ್ರಿ" ಅಂದೆ ಎನ್ನುತ್ತಾಳೆ ಅವ್ವ. "ಗಾಡಿ ಚಾವಿ ಎಲ್ಲಿಟ್ಟಿ?" ಎಂದು ಕೇಳಿದೆ ಎನ್ನುತ್ತಾನೆ ಮಲ್ಲು. ನನಗೆ ನೆನಪಿರುವುದು ನರ್ಸ್‌ಗೆ ಕೂದಲ ಕ್ಲಿಪ್ಪಿನ ವಿಷಯ ಏನೋ ಹೇಳಿದ್ದು. ಮೂರೂ ನಿಜವಿರಬಹುದು. ಮೂರೂ ಸಣ್ಣ ಮಾತುಗಳು ಎಂಬುದಷ್ಟೇ ಸಮಾಧಾನ.

ಎಚ್ಚರವಾದಾಗ ಕುತ್ತಿಗೆಯಿಂದ ಉಸಿರು ಬರುತ್ತಿತ್ತು.

ದೇಹ ಹೊಸ ಪಾಠಗಳನ್ನು ಕಲಿಯಿತು. ಬಿಸಿ ಚಹಾ ಊದಿ ಆರಿಸಲು ಬರುವುದಿಲ್ಲ. ಮೂಗು ಸೀಟಲು ಬರುವುದಿಲ್ಲ. ಸ್ನಾನ ಮಾಡುವಾಗ ತಲೆಗೆ ಹಾಕಿಕೊಂಡ ನೀರು ಕುತ್ತಿಗೆಯ ರಂಧ್ರಕ್ಕೆ ಇಳಿದರೆ ನೇರ ಶ್ವಾಸಕೋಶಕ್ಕೇ ಇಳಿದಂತೆ. ರಂಧ್ರಕ್ಕೆ ಸ್ಟೋಮಾ ಎನ್ನುತ್ತಾರೆ. ಅದರ ಮೇಲೆ ಸದಾ ಒಂದು ತೆಳು ಬಟ್ಟೆ. ಧೂಳು, ಹೊಗೆ, ಒಗ್ಗರಣೆಯ ಘಾಟು ಎಲ್ಲ ದೂರ. ವಾಸನೆಯೂ ಹೋಯಿತು. ಮೂಗಿನಲ್ಲಿ ಗಾಳಿ ಓಡಾಡದಿದ್ದರೆ ವಾಸನೆ ತಿಳಿಯುವುದಿಲ್ಲ ಎಂದು ಡಾಕ್ಟರ್ ಮೊದಲೇ ಹೇಳಿದ್ದರಂತೆ. ನನಗೆ ಅದು ತಿಳಿದದ್ದು ರೊಟ್ಟಿ ಕರಕಾದಾಗ. ಹಂಚಿನ ಮುಂದೆಯೇ ನಿಂತಿದ್ದೆ.

ಮಾತಿಗೆ ಬಳಪದ ಪಾಟಿ ಇತ್ತು. ಅವ್ವನಿಗೆ ನಿಧಾನಕ್ಕೆ ಓದಲು ಬರುತ್ತದೆ, ಆದ್ದರಿಂದ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸುತ್ತಿದ್ದೆ, ಒರೆಸುತ್ತಿದ್ದೆ. ಆ ತಿಂಗಳುಗಳಲ್ಲಿ ನಾನು ಆಡಿದ್ದೆಲ್ಲ ಹಾಗೆ ಒರೆಸಿಹೋಗಿದೆ. ಇಲ್ಲಿ ನಾನು ನನ್ನ ಮಾತೆಂದು ಏನಾದರೂ ಬರೆದರೆ ಅದಕ್ಕೆ ಸಾಕ್ಷಿ ಇಲ್ಲ ಎಂದು ಓದುವವರು ತಿಳಿದಿರಬೇಕು.

ರೇಡಿಯೇಷನ್ ಮುಗಿದ ಮೇಲೆ ಪ್ರಿನ್ಸಿಪಾಲರು ಮನೆಗೆ ಬಂದಿದ್ದರು. ಒಳ್ಳೆಯ ಮನುಷ್ಯ. ಜೂನ್‌ನಲ್ಲಿ ಕಾಲೇಜು ಶುರುವಾದಾಗ ಬೇಕಾದರೆ ಲೈಬ್ರರಿಯ ಕೆಲಸ ನೋಡಿಕೊಳ್ಳಿ, ಸಂಬಳಕ್ಕೇನೂ ತೊಂದರೆ ಆಗದಂತೆ ಬರೆದು ಕಳಿಸೋಣ ಎಂದರು. ನಾನು ಪಾಟಿಯಲ್ಲಿ ಕ್ಲಾಸ್ ಎಂದು ಬರೆದೆ. ಅವರು ನಕ್ಕರು. ಜೂನ್‌ನಲ್ಲಿ ನೋಡೋಣ, ಮಕ್ಕಳಿಗೆ ತಿಳಿಯುವಂತಾದರೆ ಯಾಕಾಗಬಾರದು ಎಂದರು.

ಅಲ್ಲಿಗೆ ನನಗೆ ಬೇಕಾದದ್ದು ಒಂದೇ ಆಯಿತು. ಜೂನ್‌ಗೆ ಒಂದು ದನಿ.

ದನಿ ಒಂದು ಯಂತ್ರದಲ್ಲಿತ್ತು. ಎಲೆಕ್ಟ್ರೋಲ್ಯಾರಿಂಕ್ಸ್ ಎನ್ನುತ್ತಾರೆ. ಸಣ್ಣ ಟಾರ್ಚಿನಂತಿದೆ. ಗದ್ದದ ಕೆಳಗೆ ಒತ್ತಿ ಹಿಡಿದು ಬಟನ್ ಅದುಮಿದರೆ ಗುಂಯ್ ಎನ್ನುತ್ತದೆ. ಆ ಸದ್ದನ್ನು ನಾಲಿಗೆ ತುಟಿಗಳಿಂದ ಅಕ್ಷರ ಮಾಡಬೇಕು. ಏರಿಳಿತವಿಲ್ಲ. ಸಿಟ್ಟೂ ಪ್ರೀತಿಯೂ ಒಂದೇ ಸ್ವರ. ಕಲಬುರಗಿಯ ಸ್ಪೀಚ್ ಥೆರಪಿಸ್ಟ್ ಒಂದಷ್ಟು ಕಲಿಸಿದರು, ಉಳಿದದ್ದು ಅಭ್ಯಾಸ ಎಂದರು.

ಅಭ್ಯಾಸಕ್ಕೆಂದು ಬೇಸಿಗೆಗೆ ಮಲ್ಲುವಿನ ಮನೆಗೆ ಹೋದೆ. ಸುರಪುರದ ದಾರಿಯಲ್ಲಿ ಊರ ಹೊರಗೆ ಹೊಲಕ್ಕೆ ಹತ್ತಿಕೊಂಡೇ ಅವನ ಮನೆ. ಅವನು ಶಹಾಪುರದ ಹತ್ತಿ ಮಿಲ್ಲಿನಲ್ಲಿ ಸೂಪರ್‌ವೈಸರ್. ಬೇಸಿಗೆಯಲ್ಲಿ ಮಿಲ್ಲಿಗೆ ಕೆಲಸ ಕಡಿಮೆ. ಅವನ ಹೆಂಡತಿ ರೇಣುಕಾ ತವರಿಗೆ, ಬಳಿಚಕ್ರಕ್ಕೆ, ಹೋಗಿದ್ದಳು. ಮನೆಯಲ್ಲಿ ನಾನು, ಅವ್ವ, ಮಲ್ಲು.

ಅವ್ವನೇ ನನ್ನ ಕ್ಲಾಸು. ಗೋಡೆಗೆ ಒರಗಿ ಕಾಲು ಚಾಚಿ ಕೂತಿರುತ್ತಿದ್ದಳು. ನಾನು ನಿಂತು ಬಹಮನಿ ಸುಲ್ತಾನರ ಪಾಠ ಮಾಡುತ್ತಿದ್ದೆ. ತಿಳಿದರೆ ತಲೆಯಾಡಿಸಬೇಕು, ತಿಳಿಯದಿದ್ದರೆ ಕೈ ಎತ್ತಬೇಕು ಎಂದು ಒಪ್ಪಂದ. ಮೊದಮೊದಲು ಕೈ ಇಳಿಸುತ್ತಲೇ ಇರಲಿಲ್ಲ. "ತಗಡಿನ ಡಬ್ಬ್ಯಾಗ ಜೇನ ಹೊಕ್ಕಂಗ ಕೇಳ್ತದವ್ವ" ಎಂದಳು ಒಮ್ಮೆ. ಕೆಲ ವಾರಗಳಲ್ಲಿ ಕೈ ಕೆಳಗಿಳಿಯಿತು. ಒಂದು ದಿನ, ಸುಲ್ತಾನನ ಆ ಮಂತ್ರಿಯನ್ನು ಸುಮ್ಮನೆ ಯಾಕೆ ಕೊಲ್ಲಿಸಿದರು ಎಂದು ಕೇಳಿದಳು. ಅವಳಿಗೆ ಪಾಠ ತಿಳಿದಿತ್ತು. ಅಂದು ನಾನು ಎರಡು ರೊಟ್ಟಿ ಹೆಚ್ಚು ತಿಂದೆ ಅಂತ ನೆನಪು.

ಮೇ ತಿಂಗಳ ಒಂದು ಸಂಜೆ ಗಾಳಿ, ಗುಡುಗು, ಹತ್ತು ಹನಿ ಮಳೆ. ಕರೆಂಟು ಹೋಯಿತು. ಬಂದಾಗ ಬಲ್ಬುಗಳು ಕಣ್ಣು ಕುಕ್ಕುವಂತೆ ಉರಿದವು. ಯಂತ್ರದ ಬ್ಯಾಟರಿಯನ್ನು ಚಾರ್ಜ್ ಮಾಡುವ ಪುಟ್ಟ ಸ್ಟ್ಯಾಂಡು ಅಷ್ಟರಲ್ಲಿ ಸುಟ್ಟಿತ್ತು. ಯಂತ್ರ ಮಾರಿದವರಿಗೆ ಮಲ್ಲು ಫೋನ್ ಮಾಡಿದ. ಸ್ಟ್ಯಾಂಡು ಹೊರದೇಶದಿಂದ ಬರಬೇಕು, ಯಾವಾಗ ಎಂದು ಹೇಳಲಾಗುವುದಿಲ್ಲ ಎಂದರು.

ನಾನು ಮತ್ತೆ ಪಾಟಿ ಹಿಡಿದೆ.

ಮಲ್ಲು ಅಂಗಳದಲ್ಲಿ ಸ್ವಲ್ಪ ಹೊತ್ತು ಓಡಾಡಿದ. ಒಳಗೆ ಹೋಗಿ ಬಂದು, ನನ್ನ ಮುಂದೆ ಒಂದು ಕರಿಯ ಕೊಳವೆ ಇಟ್ಟ. ಇ-ಸಿಗರೇಟು. ನನ್ನ ರಿಪೋರ್ಟ್ ಬಂದ ಮೇಲೆ ಸಿಗರೇಟು ಬಿಟ್ಟೆ ಎಂದಿದ್ದ. ಹತ್ತಿಯ ಲಾರಿಗಳ ಜೊತೆ ಹೈದರಾಬಾದಿಗೆ ಹೋದಾಗ ಯಾರೋ ಇದನ್ನು ಕೊಟ್ಟಿದ್ದರಂತೆ. ನಮ್ಮಲ್ಲಿ ಇದನ್ನು ಮಾರುವುದೇ ನಿಷೇಧ, ಆದ್ದರಿಂದ ಹಾಸಿಗೆಯ ಕೆಳಗೆ ಬಚ್ಚಿಟ್ಟಿದ್ದ. ಅವ್ವ ಅದನ್ನು ಪೆನ್ನೆಂದು ತಿಳಿದು, ಬರೆಯೋ ಮನುಷ್ಯ ಎಂದಿನಿಂದ ಆದಿ ಎಂದು ಕೇಳಿದಳು. ಅವನು ಅದರ ತಳ ತಿರುಗಿಸಿ ಬ್ಯಾಟರಿ ಹೊರತೆಗೆದ. ಕಿರುಬೆರಳಿನಷ್ಟು ಲಿಥಿಯಂ ಸೆಲ್. ನನ್ನ ಯಂತ್ರದ್ದಕ್ಕೆ ಪಕ್ಕದಲ್ಲಿಟ್ಟರೆ ಎರಡೂ ಒಂದೇ ಅಳತೆ.

"ಬ್ಯಾಟ್ರಿ ಎರಡ ಅದಾವ, ಅಕ್ಕ. ಚಾರ್ಜ್ ಮಾಡೋದು ಒಂದ್ ಬೇಕಷ್ಟ."

ಆ ಕೊಳವೆಯನ್ನು ಚಾರ್ಜ್ ಮಾಡುವ ವೈರು ಎಂದೋ ತುಂಡಾಗಿತ್ತು. ಆದರೆ ನಮ್ಮ ಕಡೆ ಹತ್ತಿ ಬೆಳೆಯುವ ಮನೆಯಲ್ಲಿ ಒಂದು ಚಾರ್ಜರ್ ಇದ್ದೇ ಇರುತ್ತದೆ. ಹತ್ತಿಗೆ ಎಣ್ಣಿ ಹೊಡೆಯುವ, ಅಂದರೆ ಕೀಟನಾಶಕ ಸಿಂಪಡಿಸುವ, ಬೆನ್ನಿಗೆ ಕಟ್ಟಿಕೊಳ್ಳುವ ಪಂಪಿನ ಚಾರ್ಜರ್. ಟಾರ್ಚು, ರೇಡಿಯೋ, ಸೊಳ್ಳೆ ಬ್ಯಾಟು, ಏನೇ ಸತ್ತರೂ ಜನ ಅದಕ್ಕೇ ವೈರು ಹಚ್ಚಿ ಜೀವ ಬರಿಸುತ್ತಾರೆ. ಹೆಚ್ಚಿನ ಸಲ ಜೀವ ಬರುತ್ತದೆ ಕೂಡ. ಮಲ್ಲು ಅದಕ್ಕೆ ಎರಡು ಕ್ಲಿಪ್ಪು ಹಚ್ಚಿ ನನ್ನ ಸೆಲ್‌ಗೆ ಕಚ್ಚಿಸಿದ. ಅರ್ಧ ಗಂಟೆ ಬಿಟ್ಟು ತೆಗೆದು ಯಂತ್ರಕ್ಕೆ ಹಾಕಿದೆ. ಗುಂಯ್ ಎಂದಿತು. ಆ ಒಂದು ಸಲ ಸರಿಯಾದದ್ದೇ ಮುಂದಿನದಕ್ಕೆಲ್ಲ ಕಾರಣ.

ಮರುದಿನವೋ, ಅದರ ಮರುದಿನವೋ, ಮಧ್ಯಾಹ್ನ. ಅವ್ವ ಒಳಕೋಣೆಯಲ್ಲಿ ಮಲಗಿದ್ದಳು. ಮಲ್ಲು ಅಡುಗೆಮನೆಯ ಹಲಗೆಯ ಮೇಲೆ ಸೆಲ್‌ಗೆ ಕ್ಲಿಪ್ಪು ಹಚ್ಚಿ ಹೊಲದ ಕಡೆ ಹೋಗಿದ್ದ. ನಾನು ನೀರು ಕುಡಿಯಲು ಹೋದೆ. ಉಸ್ ಎಂಬ ಸಣ್ಣ ಸದ್ದು. ವಾಸನೆ ಬಂದಿರಬೇಕು, ನನಗೆ ತಿಳಿಯಲಿಲ್ಲ. ತಿರುಗಿ ನೋಡಿದರೆ ಸೆಲ್‌ನ ತುದಿಯಿಂದ ಬಿಳಿ ಹೊಗೆ ಚಿಮ್ಮುತ್ತಿತ್ತು.

ನಾನು ಬಾಯಿ ತೆರೆದೆ.

ಏನೂ ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದರೂ ತೆರೆದೆ. ಯಂತ್ರ ಕೈಯಲ್ಲಿತ್ತು, ಅದರ ಬ್ಯಾಟರಿ ಹಲಗೆಯ ಮೇಲೆ ಉರಿಯುತ್ತಿತ್ತು. ಗೋಡೆಯಾಚೆ ಅವ್ವ ಮಲಗಿದ್ದಾಳೆ. ಸೆರಗಿನಿಂದ ಕುತ್ತಿಗೆ ಮುಚ್ಚಿಕೊಂಡು ಸ್ವಿಚ್ ಆಫ್ ಮಾಡಿದೆ. ಹೊಗೆ ನಿಲ್ಲಲಿಲ್ಲ. ಕೈಗೆ ಸಿಕ್ಕ ತಾಟು, ಸೌಟು ಹಿಡಿದು ಬಾಗಿಲಿಗೆ ಬಂದು ಬಡಿದೆ.

ಈಗ ಮಂಗಗಳ ವಿಷಯ ಹೇಳಬೇಕು. ಬೇಸಿಗೆಯಲ್ಲಿ ಗುಡ್ಡದಿಂದ ಮಂಗಗಳು ಊರಿಗೆ ಇಳಿಯುತ್ತವೆ. ಮಾಳಿಗೆಯ ಮೇಲೆ ಒಣಹಾಕಿದ ಶಂಡಿಗೆ, ಮೆಣಸಿನಕಾಯಿ ಏನನ್ನೂ ಬಿಡುವುದಿಲ್ಲ. ಅವು ಬಂದರೆ ಎಲ್ಲ ಮನೆಯವರೂ ಮಾಡುವುದು ಒಂದೇ: ತಾಟು ಬಡಿಯುವುದು. ನಮ್ಮ ಕಡೆ ಮಧ್ಯಾಹ್ನ ತಾಟಿನ ಸದ್ದು ಕೇಳಿದರೆ ಯಾರೂ ತಲೆ ಎತ್ತುವುದಿಲ್ಲ. ಅಂಗಳದಾಚೆಯ ಬೇವಿನ ಮರದ ಕೆಳಗಿದ್ದ ಮಲ್ಲು ಅಲ್ಲಿಂದಲೇ ಕೂಗಿದ.

"ಬಡಿ ಅಕ್ಕ, ಇನ್ನ ಜೋರ್ ಬಡಿ. ಹಂಗ ಹೋಗಂಗಿಲ್ಲ ಅವು."

ನಾನು ಇನ್ನೂ ಜೋರಾಗಿ ಬಡಿದೆ. ಅವನು ಭೇಷ್ ಎಂದ.

ಆಮೇಲಿನದರಲ್ಲಿ ನನಗೆ ಅನುಮಾನವಿದೆ. ತಾಟನ್ನು ಅಂಗಳಕ್ಕೆ ಎಸೆದೆ ಎಂದು ನನ್ನ ನೆನಪು. ಅದು ಹೋಗಿ ತುಳಸಿಕಟ್ಟೆಗೆ ಬಡಿಯಿತು, ಆಗ ಅವನು ತಿರುಗಿ ನೋಡಿದ, ನನ್ನ ಹಿಂದೆ ಬಾಗಿಲಿನಿಂದ ಹೊಗೆ ಬರುವುದನ್ನು ಕಂಡು ಓಡಿ ಬಂದ. ಮೊದಲನೇ ಏಟಿಗೇ ಓಡಿ ಬಂದೆ ಎನ್ನುತ್ತಾನೆ ಅವನು. ಭೇಷ್ ಅಂದದ್ದು ಅವನಿಗೆ ನೆನಪಿಲ್ಲ. ಅವ್ವನ ನೆನಪು ಎಲ್ಲಕ್ಕಿಂತ ಬೇರೆ. "ನೀ ಮಲ್ಲೂ ಅಂತ ಚೀರಿದಿ. ಆ ದನಿಗೇ ನಾ ಎದ್ದೆ" ಎನ್ನುತ್ತಾಳೆ. ನನ್ನ ಹಳೆಯ ದನಿಯಂತೆ. ಎಷ್ಟು ಸಲ ಹೇಳಿದರೂ ಒಪ್ಪುವುದಿಲ್ಲ. ನಾನೂ ಈಗ ಹೇಳುವುದನ್ನು ಬಿಟ್ಟಿದ್ದೇನೆ. ಅವಳು ಎದ್ದು ಹಿತ್ತಲ ಬಾಗಿಲಿನಿಂದ ಹೊರಗೆ ಬಂದದ್ದು ಮಾತ್ರ ಮೂವರಿಗೂ ಒಂದೇ.

ಮಲ್ಲು ಸೆಲ್‌ನ ಮೇಲೆ ಎರಡು ಬುಟ್ಟಿ ಉಸುಕು ಸುರಿದ. ಹಲಗೆ ಕರಕಾಯಿತು, ಗೋಡೆ ಕಪ್ಪಾಯಿತು. ನನ್ನ ಕುತ್ತಿಗೆಯೊಳಗೆ ಹೊಗೆ ಹೋಗಿತ್ತು. ಕೆಮ್ಮು ನಿಲ್ಲಲಿಲ್ಲ. ಶಹಾಪುರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು. ಮಾಸ್ಕನ್ನು ಮೂಗಿಗೆ ಇಡಲು ಬಂದ ನರ್ಸ್‌ಗೆ ಮಲ್ಲು, ಅಲ್ಲಲ್ರಿ, ಕುತ್ತಿಗಿಗೆ ಎಂದು ಬೆರಳು ತೋರಿಸಿದ. ನಂತರ ಕಲಬುರಗಿಯ ಡಾಕ್ಟರಿಗೆ ತೋರಿಸಿದೆವು. ಶ್ವಾಸಕೋಶಕ್ಕೆ ಹಾನಿಯಾಗಿರಲಿಲ್ಲ. ಮೂಗು ಶೋಧಿಸಿ ಕೊಡುತ್ತಿದ್ದ ಗಾಳಿ ಈಗ ನೇರ ಒಳಗೆ ಹೋಗುತ್ತದೆ, ಇಂಥ ಹೊಗೆ ಇನ್ನೊಮ್ಮೆ ಬೇಡ ಎಂದರು. ಮಲ್ಲು ನೆಲ ನೋಡುತ್ತ ನಿಂತಿದ್ದ.

ಸುದ್ದಿ ಕೇಳಿ ರೇಣುಕಾ ಬಳಿಚಕ್ರದಿಂದ ಬಂದಳು. ಗೋಡೆ ನೋಡಿದಳು, ಗಂಡನನ್ನು ನೋಡಿದಳು.

"ಹತ್ತಿಗಿ ಎಣ್ಣಿ ಹೊಡೆಯೋ ಮಷೀನಿಗೆ ಅಕ್ಕನ ದನಿ ಹಚ್ಚಿ ಕುಂತೀರಿ. ನಾಳಿ ನನ್ನ ತಲಿನೋವಿಗೆ ಟ್ರ್ಯಾಕ್ಟರ್ ಬ್ಯಾಟ್ರಿ ಹಚ್ತೀರೇನ್ರಿ?"

ಅವನು ಹಲವು ದಿನ ಮಾತಾಡಲಿಲ್ಲ. ಮನೆಯಲ್ಲಿ ಮಾತಿಲ್ಲದವರು ಇಬ್ಬರಾದೆವು.

ನನ್ನ ಸೆಲ್ ಹೋಗಿತ್ತು. ಇ-ಸಿಗರೇಟಿನ ಸೆಲ್ ಉಳಿದಿತ್ತು. ಜೂನ್ ಹತ್ತಿರವಿತ್ತು. ಲೈಬ್ರರಿಯೇ ಸಾಕು ಎಂದು ಪ್ರಿನ್ಸಿಪಾಲರಿಗೆ ಮೆಸೇಜ್ ಬರೆದು, ಕಳಿಸದೆ ಇಟ್ಟಿದ್ದೆ. ಅದರ ಬದಲು ಫರ್ಜಾನಾಗೆ ಬರೆದೆ. ನಮ್ಮ ಕಾಲೇಜಿನ ಫಿಜಿಕ್ಸ್ ಲೆಕ್ಚರರ್, ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ. ನಡೆದದ್ದೆಲ್ಲ ಬರೆದೆ. ಉತ್ತರ ಬರಲಿಲ್ಲ. ಅವಳೇ ಬಂದಳು, ಚೀಲದಲ್ಲಿ ಸೋಲ್ಡರಿಂಗ್ ಕಡ್ಡಿ, ಮಲ್ಟಿಮೀಟರು ಇಟ್ಟುಕೊಂಡು.

ಮೊದಲು ಮಲ್ಲುವನ್ನು ಕೂರಿಸಿಕೊಂಡಳು. ಪಂಪಿನ ಚಾರ್ಜರ್ ಹನ್ನೆರಡು ವೋಲ್ಟಿನ ಲೆಡ್ ಬ್ಯಾಟರಿಗೆ ಮಾಡಿದ್ದು. ಈ ಒಂಟಿ ಸೆಲ್ 4.2 ವೋಲ್ಟಿಗೆ ತುಂಬಿಹೋಗುತ್ತದೆ. ಅಲ್ಲಿ ನಿಲ್ಲಿಸದಿದ್ದರೆ ಒಳಗೇ ಬೇಯುತ್ತದೆ, ಉಬ್ಬುತ್ತದೆ, ಒಡೆಯುತ್ತದೆ.

"ಮೊದಲ್ ಸಲ ಯಾಕ್ ಒಡೀಲಿಲ್ರಿ ಹಂಗಾರ?" ಮಲ್ಲು ಕೇಳಿದ.

"ನಸೀಬ್ ಇತ್ತು ಭಾಯಿ. ನಸೀಬಿಗೆ ಸ್ವಿಚ್ ಇರಂಗಿಲ್ಲ, ಬೇಕಾದಾಗ ಹಾಕ್ಕೊಳ್ಳಾಕ."

ಅವಳು ತಂದದ್ದು ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಒಂದು ಹಲಗೆ. ಒಂಟಿ ಲಿಥಿಯಂ ಸೆಲ್‌ಗೆಂದೇ ಮಾಡಿದ ಚಾರ್ಜಿಂಗ್ ಬೋರ್ಡು. ಸೆಲ್ ತುಂಬಿದೊಡನೆ ಕರೆಂಟನ್ನು ತಾನೇ ನಿಲ್ಲಿಸುತ್ತದೆ. ಸೆಲ್‌ನ ಕಾವಲಿಗೆಂದು ಅದರಲ್ಲೇ ಇನ್ನೊಂದು ಚಿಪ್ ಇದೆ, ಮಿತಿ ಮೀರಿದರೆ ಸಂಪರ್ಕ ಕಡಿಯುತ್ತದೆ. ಚಾರ್ಜ್ ಆಗುವಾಗ ಕೆಂಪು ದೀಪ, ತುಂಬಿದರೆ ನೀಲಿ. ಆದರೆ ಅದು ಕೊಡುವ ಕರೆಂಟು ದೊಡ್ಡ ಸೆಲ್‌ಗಳ ಲೆಕ್ಕದ್ದು, ನಮ್ಮ ಸಣ್ಣ ಸೆಲ್‌ಗೆ ಜಾಸ್ತಿ. ಬೋರ್ಡಿನ ಮೇಲಿನ ಸಾಸಿವೆಯಷ್ಟು ಸಣ್ಣ ರೆಸಿಸ್ಟರ್ ಒಂದನ್ನು ಕಿತ್ತು ಬೇರೆಯದು ಹಾಕಿ ಕರೆಂಟನ್ನು ಕಾಲು ಭಾಗಕ್ಕೆ ಇಳಿಸಿದಳು. ಸೋಲ್ಡರ್‌ನ ಹೊಗೆ ನನಗಾಗದೆಂದು ಈ ಕೆಲಸ ಅಂಗಳದಲ್ಲಿ ನಡೆಯಿತು. ನಾನು ಕಿಟಕಿಯ ಒಳಗಿನಿಂದ ನೋಡುತ್ತಿದ್ದೆ.

ಸೆಲ್ ಕೂರುವ ಸ್ಪ್ರಿಂಗಿನ ತೊಟ್ಟಿಲನ್ನು ನಾನೇ ಜೋಡಿಸಿದೆ. ಪ್ಲಸ್ ಬದಿಗೆ ರೇಣುಕಾ ತನ್ನ ಕೆಂಪು ನೇಲ್ ಪಾಲಿಶ್ ಹಚ್ಚಿದಳು. ತಿರುಗಾಮುರುಗಾ ಹಾಕಿದರೆ ಬೋರ್ಡು ಸುಡುತ್ತದೆ. ಕರೆಂಟಿಗೆ ಮೊಬೈಲಿನ ಒಳ್ಳೆಯ ಐದು ವೋಲ್ಟಿನ ಅಡಾಪ್ಟರ್. ಇ-ಸಿಗರೇಟಿನ ಸೆಲ್ಲನ್ನು ಫರ್ಜಾನಾ ಕನ್ನಡಕ ಏರಿಸಿ ತಿರುಗಿಸಿ ನೋಡಿದಳು. ಮೇಲಿನ ಪ್ಲಾಸ್ಟಿಕ್ ಹರಿದಿದೆಯೇ, ತಗ್ಗು ಬಿದ್ದಿದೆಯೇ, ಉಬ್ಬಿದೆಯೇ, ವೋಲ್ಟೇಜ್ ತೀರಾ ಕೆಳಗಿಳಿದಿದೆಯೇ. ಒಂದೇ ಒಂದು ಇದ್ದರೂ ಎಸೆಯುತ್ತೇನೆ, ನೀವು ಅತ್ತರೂ ಕೊಡುವುದಿಲ್ಲ ಎಂದಳು. ಇರಲಿಲ್ಲ. ನನ್ನ ಯಂತ್ರದ ಮೇಲೆ ಬರೆದ ವೋಲ್ಟೇಜಿಗೂ ಅದು ಹೊಂದುತ್ತಿತ್ತು.

ಚಾರ್ಜ್ ಮಾಡುವ ಜಾಗ ಮಲ್ಲು ಆರಿಸಿದ. ಪಡಸಾಲೆಯ ನೆರಳಿನಲ್ಲಿ, ಕಟ್ಟಿಗೆ ಬಟ್ಟೆ ಏನೂ ಹತ್ತಿರವಿಲ್ಲದ ಕಡೆ, ನೆಲಕ್ಕೆ ಹಾಸುವ ಒಂದು ಪರಸಿ ಕಲ್ಲಿನ ಮೇಲೆ. ಪಕ್ಕದಲ್ಲಿ ಒಣ ಉಸುಕಿನ ಬಕೆಟ್. ನಮ್ಮ ಕಡೆಯ ಮೇ ಬಿಸಿಲಿಗೆ ಕಲ್ಲೇ ಕಾಯುತ್ತದೆ, ಆದ್ದರಿಂದ ಬೆಳಗಿನ ತಂಪಿನಲ್ಲಿ ಮಾತ್ರ. ಹಚ್ಚಿದವರು ಅಲ್ಲೇ ಕೂರಬೇಕು. ಆಗಾಗ ಮುಟ್ಟಿ ನೋಡಬೇಕು. ಬಿಸಿ ಎನ್ನಿಸಿದರೆ ಪ್ಲಗ್ ಕೀಳಬೇಕು. ಅಸಲಿ ಸ್ಟ್ಯಾಂಡು ಬಂದ ದಿನ ಇದನ್ನು ಎತ್ತಿಡಬೇಕು, ಮನೆಯಲ್ಲಿ ಮಾಡಿದ್ದು ಮನೆಯಲ್ಲಿ ಮಾಡಿದ್ದೇ ಎಂದಳು ಫರ್ಜಾನಾ.

ಮೊದಲ ದಿನ ಕಲ್ಲಿನ ಸುತ್ತ ನಾವೆಲ್ಲ ಕೂತಿದ್ದೆವು, ಹಾಲು ಉಕ್ಕುವುದನ್ನು ಕಾಯುವವರ ಹಾಗೆ. ನಾನು ಮಾತ್ರ ದೂರ, ಗಾಳಿ ನನ್ನಿಂದ ಅತ್ತ ಬೀಸುವ ಬದಿಗೆ. ಕೆಂಪು ದೀಪ ಉರಿಯುತ್ತಿತ್ತು. ಮಲ್ಲು ಘಳಿಗೆಗೊಮ್ಮೆ ಬೆರಳಿನಿಂದ ಮುಟ್ಟುತ್ತಿದ್ದ. ಕೂಸಿನ ಹಣೆ ಮುಟ್ಟಿದಂಗ ಮುಟ್ಟಾಕತ್ಯಾನ ನೋಡು ಎಂದಳು ಅವ್ವ. ದೀಪ ನೀಲಿಯಾಯಿತು. ಫರ್ಜಾನಾ ಮೀಟರ್ ಹಚ್ಚಿದಳು. 4.2ರ ಒಳಗೇ ಇತ್ತು. ಸೆಲ್ ಉಗುರುಬೆಚ್ಚಗೂ ಇರಲಿಲ್ಲ.

ಯಂತ್ರಕ್ಕೆ ಹಾಕಿ ಗದ್ದಕ್ಕೆ ಒತ್ತಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಚಹಾ ಇಡ್ರಿ," ಎಂದೆ.

ಮಲ್ಲು ಎದ್ದು ಹಿತ್ತಲಿಗೆ ಹೋದ. ಸ್ವಲ್ಪ ಹೊತ್ತಿಗೆ ಮುಖ ತೊಳೆದುಕೊಂಡು ಬಂದ. ಆಮೇಲೆ ಮೊದಲಿನಂತೆ ಮಾತಾಡತೊಡಗಿದ. ಸೆಲ್ ತೆಗೆದ ಮೇಲೆ ಆ ಕರಿಯ ಕೊಳವೆ ಏನಾಯಿತು, ನಾನು ಕೇಳಿಲ್ಲ. ಈಗೇನೂ ಸೇದುತ್ತಿಲ್ಲ ಎನ್ನುತ್ತಾನೆ. ಬಾಯಲ್ಲಿ ಸದಾ ಲವಂಗ ಇರುತ್ತದೆ. ನಂಬುತ್ತೇನೆಯೇ? ಕೆಲವು ದಿನ ನಂಬುತ್ತೇನೆ. ನನಗೆ ವಾಸನೆ ತಿಳಿಯುವುದಿಲ್ಲವಾದ್ದರಿಂದ ನಂಬುವುದು ಸುಲಭ.

ಜೂನ್‌ನಲ್ಲಿ ಪ್ರಿನ್ಸಿಪಾಲರು ಒಂದು ಕ್ಲಾಸ್ ಕೊಟ್ಟರು. ತಾವು ಬಂದು ಕೂರುವುದಿಲ್ಲ, ಮಕ್ಕಳು ಏನೆನ್ನುತ್ತಾರೋ ಅದೇ ತೀರ್ಮಾನ ಎಂದರು. ಅದು ದಯೆಯೋ ಪರೀಕ್ಷೆಯೋ ತಿಳಿಯಲಿಲ್ಲ. ಬೆಳಿಗ್ಗೆ ಮಲ್ಲು ಪರಸಿಯ ಮುಂದೆ ಕೂತು ಚಾರ್ಜ್ ಮಾಡಿ, ಸೆಲ್ಲನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕೊಟ್ಟ.

ಸೆಕೆಂಡ್ ಪಿಯು, ಕಲಾ ವಿಭಾಗ. ನನ್ನ ಹಳೆಯ ಮಕ್ಕಳೇ. ನಾನು ಯಂತ್ರ ಒತ್ತಿ ನಮಸ್ಕಾರ ಎಂದೊಡನೆ ಕ್ಲಾಸು ಕಲ್ಲಿನಂತಾಯಿತು. ಆ ಮೌನ ನನಗೆ ಗೊತ್ತು. ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ, ಎಲ್ಲ ಕಡೆ ಕೇಳಿದ್ದೇನೆ. ಜನ ಮಾತು ಕೇಳುವುದಿಲ್ಲ, ಕುತ್ತಿಗೆ ನೋಡುತ್ತಾರೆ. ನಾನು ಬೋರ್ಡಿನ ಮೇಲೆ ಪಾಠದ ಹೆಸರು ಬರೆಸಲು ಮುಂದಿನ ಬೆಂಚಿನ ಹುಡುಗಿಯನ್ನು ಕರೆದೆ, ಚಾಕ್‌ಪೀಸಿನ ಧೂಳು ನನಗಾಗದು. ಪಾಠ ಶುರು ಮಾಡಿದೆ. ಒಂದು ವಾಕ್ಯ. ಇನ್ನೊಂದು. ಯಾರೂ ಮಿಸುಕಲಿಲ್ಲ. ಲೈಬ್ರರಿಯ ಕಿಟಕಿಗಳು ಉತ್ತರಕ್ಕಿವೆ, ಬೇಸಿಗೆಯಲ್ಲೂ ತಂಪು ಎಂದು ಯೋಚಿಸತೊಡಗಿದ್ದೆ.

ಹಿಂದಿನ ಬೆಂಚಿನಲ್ಲಿ ಒಬ್ಬಳು ಎದ್ದಳು. ಕಳೆದ ವರ್ಷವೂ ಅಲ್ಲೇ ಕೂತು ಹರಟುತ್ತಿದ್ದವಳು.

"ಮೇಡಂ, ಹಿಂದ ಕೇಳಸವಲ್ತ್ರಿ."

ಕರುಣೆ ಇರಲಿಲ್ಲ ಅದರಲ್ಲಿ. ಸ್ವಲ್ಪ ಬೇಸರವಿತ್ತು. ಫ್ಯಾನಿನ ಸದ್ದಿಗೆ, ಹೊರಗಿನ ಗದ್ದಲಕ್ಕೆ, ನೋಟ್ಸ್ ತಪ್ಪಿದ್ದಕ್ಕೆ ವರ್ಷವಿಡೀ ಮಕ್ಕಳು ಹೇಳುವ ಮಾತು. ಕೇಳಬೇಕು ಎಂದು ಕೂತವರು ಮಾತ್ರ ಹೇಳುವ ಮಾತು.

ಯಂತ್ರದ ಗುಂಡಿಯನ್ನು ತಿರುಗಿಸಿ ದನಿ ಏರಿಸಿದೆ.

"ಈಗ?" ಎಂದೆ.

"ಹಾಂ, ಈಗ ಕೇಳ್ತದ್ರಿ," ಎಂದು ಕೂತಳು. ಪೆನ್ನು ತೆಗೆದಳು.